30×40 ಸೈಟಿಗೆ 40 ಅಡಿ ಕಂಟೇನರ್ ಕೂರುವುದಿಲ್ಲ

"ಸೈಟ್ ಸುಮ್ನೆ ಬಿದ್ದಿದೆ ಸರ್, ಕಂಟೇನರ್ ಮನೆ ಇಟ್ಟು ಬಾಡಿಗೆಗೆ ಕೊಡೋಣ ಅಂತಿದ್ದೀನಿ." ಕೋಲಾರದ ನರಸಾಪುರ, ವೇಮಗಲ್ ಕಡೆಯಿಂದ ಹೀಗೆ ಕೇಳಿಕೊಂಡು ಬರುವವರು ಜಾಸ್ತಿ. ಫ್ಯಾಕ್ಟರಿಗಳಿವೆ, ಬಾಡಿಗೆಗೆ ಜನ ಇದ್ದಾರೆ, ಯೋಚನೆ ಒಳ್ಳೆಯದೇ. ಆದರೆ ಎಲ್ಲರೂ ಮೊದಲು ಕೇಳುವುದು ಚದರಕ್ಕೆ ಎಷ್ಟು ಬೀಳುತ್ತೆ ಅಂತ. ನಾನು ಮೊದಲು ಟೇಪ್ ತೆಗೆಯುತ್ತೇನೆ.

30×40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟ ಮೇಲೆ 40 ಅಡಿ ಉದ್ದದ ಕಂಟೇನರ್, ಅಂದರೆ ಸರಕು ಸಾಗಿಸುವ ಉಕ್ಕಿನ ಪೆಟ್ಟಿಗೆ, ಎಲ್ಲಿ ಕೂರುತ್ತೆ? 20 ಅಡಿಯದ್ದೇ ಗತಿ. ಅದರ ಹೊರಗಿನ ಅಗಲ 8 ಅಡಿ, ಅಂದರೆ 160 ಚದರಡಿ. ಗೋಡೆಗೆ ಪಫ್ (ಬಿಸಿ ತಡೆಯುವ ಫೋಮ್), ಬೋರ್ಡ್ ಹಾಕಿದ ಮೇಲೆ ಒಳಗೆ ಉಳಿಯುವುದು ಸುಮಾರು ಏಳೂಕಾಲು ಅಡಿ. 5 ಅಡಿ ಅಗಲದ ಮಂಚ ಹಾಕಿದರೆ ಓಡಾಡಲು ಎರಡು ಅಡಿ ಚಿಲ್ಲರೆ. ಅದಕ್ಕೇ ಎರಡು ಪೆಟ್ಟಿಗೆ ಪಕ್ಕಪಕ್ಕ ಜೋಡಿಸಿ ನಡುವಿನ ಗೋಡೆ ತೆಗೆಸಿ ಅನ್ನುತ್ತೇನೆ. ತೆಗೆದ ಕಡೆ ಸ್ಟೀಲ್ ಫ್ರೇಮ್ ಕೊಡಲೇಬೇಕು, ಇಲ್ಲದಿದ್ದರೆ ಮೇಲಿನ ಶೀಟ್ ಬಗ್ಗುತ್ತದೆ. ಎತ್ತರವೂ ಒಂಬತ್ತೂವರೆ ಅಡಿಯದ್ದೇ ಇರಲಿ. ಎಂಟೂವರೆಯದ್ದರಲ್ಲಿ ಸೀಲಿಂಗ್ ಹಾಕಿ ಫ್ಯಾನ್ ಕಟ್ಟಿದರೆ, ಕೈ ಎತ್ತಿ ಅಂಗಿ ಹಾಕಿಕೊಳ್ಳುವಾಗ ರೆಕ್ಕೆಗೆ ತಗಲುತ್ತದೆ.

ಇನ್ನು ಬಿಸಿಲು. ಒಬ್ಬರು ಖರ್ಚು ಉಳಿಸೋಣ ಅಂತ ಚಾವಣಿಗೆ ಪಫ್ ಹಾಕಿಸದೆ ಬಾಡಿಗೆಗೆ ಕೊಟ್ಟಿದ್ದರು. ಬಂದವನು ನೈಟ್ ಶಿಫ್ಟ್ ಹುಡುಗ, ಅವನು ಮಲಗುವುದೇ ಹಗಲು ಹೊತ್ತು. ಏಪ್ರಿಲ್‌ನಲ್ಲಿ ನಾನು ಹೋದಾಗ ಶೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿಟ್ಟಿದ್ದ. ಮುಂದಿನ ತಿಂಗಳು ಖಾಲಿ ಮಾಡಿದ. ಪಾಪ, ಇನ್ನೇನು ಮಾಡ್ತಾನೆ ಅಲ್ವಾ? ಚಾವಣಿಗೆ ಪಫ್ ಹಾಕಿಸಿ, ಅದರ ಮೇಲೆ ಒಂದಡಿ ಗಾಳಿ ಆಡುವಂತೆ ಇನ್ನೊಂದು ಶೀಟ್ ಕೊಡಿ. ಉದ್ದನೆಯ ಗೋಡೆ ಪಡುವಣ ಬಿಸಿಲಿಗೆ ಬೀಳದಂತೆ ಪೆಟ್ಟಿಗೆ ತಿರುಗಿಸಿ ಇಡಿ, ಇದಕ್ಕೆ ಕಾಸೂ ಖರ್ಚಿಲ್ಲ.

"ಎತ್ತಿಕೊಂಡು ಹೋಗೋ ಮನೆ, ಪ್ಲಾನ್ ಯಾಕೆ ಸರ್?" ಅನ್ನುತ್ತಾರೆ. ಜನ ವಾಸ ಮಾಡಿದರೆ ಅದು ಮನೆಯೇ. ಕೃಷಿ ಜಮೀನಾದರೆ ಮೊದಲು ಕನ್ವರ್ಶನ್ ಆಗಬೇಕು, ಖಾತೆ ಸರಿ ಇರಬೇಕು, ಆಮೇಲೆ ಪ್ಲಾನ್, ಕರೆಂಟ್. ಬ್ಯಾಂಕ್ ಸಾಲ ಆರ್‌ಸಿಸಿ ಮನೆಗೆ ಸಿಕ್ಕಷ್ಟು ಸಲೀಸಾಗಿ ಇದಕ್ಕೆ ಸಿಗುವುದಿಲ್ಲ, ಕೈಯಲ್ಲಿ ದುಡ್ಡಿದ್ದರೆ ಮಾತ್ರ ಮುಂದುವರಿಯಿರಿ.

ಅಡ್ವಾನ್ಸ್ ಕೊಡುವ ಮುಂಚೆ ಮುಖ್ಯರಸ್ತೆಯಿಂದ ಸೈಟಿನವರೆಗೆ ಒಮ್ಮೆ ನಡೆದು ಬನ್ನಿ. ಟ್ರೈಲರ್ ತಿರುವಿನಲ್ಲಿ ತಿರುಗಬೇಕು, ಪೆಟ್ಟಿಗೆ ಇಳಿಸುವ ಹೈಡ್ರಾ ಕ್ರೇನ್ ನಿಲ್ಲಲು ಗಟ್ಟಿ ನೆಲ ಬೇಕು, ಪೆಟ್ಟಿಗೆ ಎತ್ತುವ ಜಾಗದಲ್ಲಿ ಕರೆಂಟ್ ತಂತಿ ಇರಬಾರದು.