ಕೊಳಗದ ಜಗಳ ಶಾಸನಸಭೆಗೆ ಬಂದದ್ದು

ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜಗಳ ಹತ್ತಿಕೊಂಡದ್ದು ಈ ಪ್ರಶ್ನೆಗೆ. ಗೇಣಿ ಅಳೆದುಕೊಳ್ಳುವಾಗ ಜಮೀನಿನ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಮಳೆಗಾಲವಿಡೀ ಕೆಸರಲ್ಲಿ ನಿಂತವರ ಮನೆಗೆ ಉಳಿಯುತ್ತಿದ್ದದ್ದು ಅಷ್ಟೋ ಇಷ್ಟೋ. ಸರಿಯಾದ ಅಳತೆ ಕೇಳಿದ ದೀವರ ಸಮುದಾಯದ ಗೇಣಿದಾರರು ಗದ್ದೆಯನ್ನೇ ಕಳೆದುಕೊಳ್ಳಬೇಕಾಯಿತು. ಎಚ್. ಗಣಪತಿಯಪ್ಪನವರು ಅವರನ್ನು ಒಟ್ಟುಗೂಡಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಮೊದಲ ಚುನಾವಣೆ. ಅದೇ ಹೋರಾಟದ ಶಾಂತವೇರಿ ಗೋಪಾಲಗೌಡರನ್ನು ಸಾಗರ-ಹೊಸನಗರದ ಜನ ಗೆಲ್ಲಿಸಿದರು. ವಯಸ್ಸು 29. ಗದ್ದೆಯ ಮಾತು ಗೊತ್ತಿದ್ದವರೊಬ್ಬರು ಸದನದಲ್ಲಿ ಕೂತರು. ನನಗೆ ಇದು ಸಣ್ಣ ಸಂಗತಿ ಅನಿಸುವುದಿಲ್ಲ. ಗೇಣಿ ಎಂದರೆ ಏನು ಅಂತ ಅಲ್ಲಿವರೆಗೆ ಕಾಗದದಲ್ಲಿ ಓದಿದವರೇ ಜಾಸ್ತಿ ಇದ್ದರು, ಅಲ್ವಾ? 1957ರಲ್ಲಿ ಅವರು ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು.

ಆದರೂ ಕಾನೂನು ಬಲು ನಿಧಾನ. 1961ರ ಭೂಸುಧಾರಣಾ ಕಾಯ್ದೆಗೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂಬರ್ 7 ಕೊಟ್ಟು ಹಕ್ಕು ಕೇಳಿದರು. ಇದನ್ನೇ ಡಿಕ್ಲರೇಷನ್ ಹಾಕಿದ್ದು ಅಂತ ಮಲೆನಾಡಿನ ಹಿರಿಯರು ಈಗಲೂ ಹೇಳುತ್ತಾರೆ. ಗೋಪಾಲಗೌಡರು ಅದನ್ನು ನೋಡಲಿಲ್ಲ. 1972ರಲ್ಲೇ ತೀರಿಕೊಂಡಿದ್ದರು.

ಮುಂದೆ ಅದೇ ಕಾಗೋಡಿನ ಗೇಣಿದಾರರ ಕೇರಿಯಿಂದ ಬಂದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು, 2016ರಲ್ಲಿ ಕಂದಾಯ ಸಚಿವರಾದರು. ಗದ್ದೆ ಬಿಡಬೇಕಾಗಿ ಬಂದವರ ಊರಿನವರ ಕೈಗೆ ಪಹಣಿಯ ಇಲಾಖೆಯೇ ಬಂತು!

ತಿಮ್ಮಪ್ಪನವರು ಬಿಡದೆ ಎತ್ತಿದ ವಿಷಯ ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವವರ ಹಕ್ಕು, ಮತ್ತು ಅರಣ್ಯ ಹಕ್ಕು. ಅದು ಇನ್ನೂ ಬಗೆಹರಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನ ನೆಲದಲ್ಲಿದ್ದುದನ್ನು ತೋರಿಸಬೇಕು. ಲೆಕ್ಕ 2005ರಿಂದ ಹಿಂದಕ್ಕೆ ಹೋಗುತ್ತದೆ, 1930ರ ತನಕ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯಲ್ಲಿ ಊರು ಮುಳುಗಿ, ಆಮೇಲೆ ಕಾಡಂಚಿಗೆ ಬಂದು ಗುಡಿಸಲು ಹಾಕಿದವರು 1930ರ ಗುರುತನ್ನು ಎಲ್ಲಿಂದ ತರಬೇಕು?