ಗವರ್ನರ್ ಒಂದು ಪಕ್ಷ, ಸೆನೆಟರ್ ಇನ್ನೊಂದು ಪಕ್ಷ: ಅಮೆರಿಕದ ಮತದಾರರು ಹೀಗೇಕೆ ಆರಿಸುತ್ತಾರೆ?

ಪ್ರಶ್ನೆ: ಅಮೆರಿಕದಲ್ಲಿ ಒಂದೇ ರಾಜ್ಯದ ಜನ ಒಂದೇ ದಿನ ಗವರ್ನರ್ ಹುದ್ದೆಗೆ ಒಂದು ಪಕ್ಷದವರನ್ನೂ ಸೆನೆಟ್‌ಗೆ ಎದುರು ಪಾಳಯದವರನ್ನೂ ಗೆಲ್ಲಿಸುವುದುಂಟು. ಅವರಿಗೆ ಪಕ್ಷನಿಷ್ಠೆ ಇಲ್ಲವೇ?

ಉತ್ತರ: ನಿಷ್ಠೆ ಧಾರಾಳವಾಗಿ ಇದೆ. ಆದರೆ ಆ ಎರಡು ಮತಗಳು ತೀರ್ಮಾನಿಸುವ ಸಂಗತಿಗಳು ಬೇರೆ ಬೇರೆ.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರೇ ಆರಿಸಿದ ಆಡಳಿತ ಮುಖ್ಯಸ್ಥರು. ಬಜೆಟ್, ಶಾಲೆ, ರಸ್ತೆ, ನೆರೆ ಪರಿಹಾರ ಎಲ್ಲಕ್ಕೂ ಅವರು ಉತ್ತರ ಕೊಡಬೇಕು. ಶಾಸನಸಭೆಯಲ್ಲಿ ಬಹುಮತವಿಲ್ಲದಿದ್ದರೂ ಅವರ ಕುರ್ಚಿ ಅಲುಗುವುದಿಲ್ಲ. ಸೆನೆಟರ್ ದಿಲ್ಲಿಗೆ, ಅಂದರೆ ಅವರ ವಾಷಿಂಗ್ಟನ್‌ಗೆ ಹೋಗಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಕೂರುವವರು. ರಾಜ್ಯಕ್ಕೆ ಇಬ್ಬರಂತೆ 100 ಮಂದಿ, ಅವಧಿ ಆರು ವರ್ಷ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನೇಮಕಕ್ಕೆ ಅವರ ಒಪ್ಪಿಗೆ ಬೇಕು. 1913ರವರೆಗೆ ಇವರನ್ನು ಶಾಸನಸಭೆಗಳೇ ಆರಿಸುತ್ತಿದ್ದವು.

ಈ ವ್ಯತ್ಯಾಸವನ್ನು ವರ್ಮಾಂಟ್‌ನಷ್ಟು ಸ್ಪಷ್ಟವಾಗಿ ತೋರಿಸುವ ರಾಜ್ಯ ಇನ್ನೊಂದಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿನವರು ರಿಪಬ್ಲಿಕನ್ ಗವರ್ನರ್ ಫಿಲ್ ಸ್ಕಾಟ್‌ಗೆ ಶೇ. 73ರಷ್ಟು ಮತ ಕೊಟ್ಟರು. ಅದೇ ಮತಪತ್ರದಲ್ಲಿ, ಡೆಮಾಕ್ರಟರ ಜೊತೆ ಕೂರುವ ಪಕ್ಷೇತರ ಎಡಪಂಥೀಯ ಬರ್ನಿ ಸ್ಯಾಂಡರ್ಸ್‌ಗೆ ಶೇ. 63ರಷ್ಟು ಕೊಟ್ಟು ಮತ್ತೆ ಸೆನೆಟ್‌ಗೆ ಕಳಿಸಿದರು. ಇಬ್ಬರಿಗೂ ಮತ ಹಾಕಿದವರು ಬಹಳ ಮಂದಿ ಇರಲೇಬೇಕು, ಲೆಕ್ಕವೇ ಹಾಗೆ ಹೇಳುತ್ತದೆ. ಇದು ಗೊಂದಲದ ಮತವಲ್ಲ. ಆಗ ಅಲ್ಲಿನ ಶಾಸನಸಭೆಯಲ್ಲಿ ಡೆಮಾಕ್ರಟರಿಗೆ ಗವರ್ನರ್ ವೀಟೊವನ್ನೇ (ಮಸೂದೆ ತಡೆಯುವ ಅಧಿಕಾರವನ್ನೇ) ತಳ್ಳಿಹಾಕುವಷ್ಟು, ಅಂದರೆ ಮೂರನೇ ಎರಡರಷ್ಟು ಬಲವಿತ್ತು. ಶಾಲೆಗಳ ಖರ್ಚಿಗಾಗಿ ಆಸ್ತಿ ತೆರಿಗೆಯನ್ನು ಸರಾಸರಿ ಶೇ. 14ರಷ್ಟು ಏರಿಸುವ ಮಸೂದೆಗೆ ಸ್ಕಾಟ್ ವೀಟೊ ಹಾಕಿದರು. ಶಾಸಕರು ಅದನ್ನು ಮೀರಿ ಕಾನೂನು ಮಾಡಿಕೊಂಡರು. ಚುನಾವಣೆ ಬಂದಾಗ ಜನ ಸ್ಕಾಟ್‌ರನ್ನು ಉಳಿಸಿಕೊಂಡದ್ದಷ್ಟೇ ಅಲ್ಲ, ಶಾಸನಸಭೆಯಲ್ಲಿ ಡೆಮಾಕ್ರಟರ ಆ ಮೂರನೇ ಎರಡರ ಬಲವನ್ನೂ ಮುರಿದರು. ತೆರಿಗೆಗೆ ಕಡಿವಾಣ ಹಾಕಲು ಒಬ್ಬರು, ವಾಷಿಂಗ್ಟನ್‌ನಲ್ಲಿ ರಿಪಬ್ಲಿಕನ್ನರನ್ನು ಎದುರಿಸಲು ಇನ್ನೊಬ್ಬರು. ಇಷ್ಟು ತೂಗಿ ನೋಡಿ ಹಾಕಿದ ಮತವನ್ನು ನಾನು ತುಂಬು ಮನಸ್ಸಿನಿಂದ ಗೌರವಿಸುತ್ತೇನೆ.

ಅಭ್ಯರ್ಥಿಯ ಯೋಗ್ಯತೆಯೂ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ಜಾರ್ಜಿಯಾದ ರಿಪಬ್ಲಿಕನ್ ಗವರ್ನರ್ ಬ್ರಯನ್ ಕೆಂಪ್ ಸುಲಭವಾಗಿ ಗೆದ್ದರು. ಅದೇ ಪಕ್ಷದ ಸೆನೆಟ್ ಅಭ್ಯರ್ಥಿ, ಮಾಜಿ ಫುಟ್‌ಬಾಲ್ ಆಟಗಾರ ಹರ್ಷಲ್ ವಾಕರ್‌ಗೆ ಕೆಂಪ್‌ಗಿಂತ ಸುಮಾರು ಎರಡು ಲಕ್ಷ ಮತ ಕಡಿಮೆ ಬಿದ್ದವು. ಅಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಯಾರಿಗೂ ಅಷ್ಟು ಬರಲಿಲ್ಲ. ಡಿಸೆಂಬರ್‌ನಲ್ಲಿ ನಡೆದ ಎರಡನೇ ಸುತ್ತಿನಲ್ಲಿ ಡೆಮಾಕ್ರಟ್ ರಾಫೆಲ್ ವಾರ್ನಾಕ್ ಗೆದ್ದರು.

ಹಾಗಾದರೆ ಜನಪ್ರಿಯ ಗವರ್ನರ್ ಸೆನೆಟ್‌ಗೆ ನಿಂತರೆ ಗೆಲ್ಲುತ್ತಾರೆಯೇ? ಮೇರಿಲ್ಯಾಂಡ್‌ನ ಲ್ಯಾರಿ ಹೋಗನ್ ಕಥೆ ನೋಡಿ. ಡೆಮಾಕ್ರಟರ ಕೋಟೆಯಂಥ ಆ ರಾಜ್ಯದಲ್ಲಿ ರಿಪಬ್ಲಿಕನ್ ಆಗಿ 2014ರಲ್ಲೂ 2018ರಲ್ಲೂ ಗವರ್ನರ್ ಆದವರು. ಟ್ರಂಪ್ ಅವರನ್ನು ಬಹಿರಂಗವಾಗಿ ವಿರೋಧಿಸಿದವರು. 2024ರಲ್ಲಿ ಸೆನೆಟ್‌ಗೆ ನಿಂತು ಡೆಮಾಕ್ರಟ್ ಏಂಜೆಲಾ ಆಲ್ಸೊಬ್ರೂಕ್ಸ್ ಎದುರು ಸುಮಾರು 12 ಶೇಕಡಾವಾರು ಅಂಶಗಳಿಂದ ಸೋತರು. ಆಲ್ಸೊಬ್ರೂಕ್ಸ್ ಮತದಾರರ ಮುಂದಿಟ್ಟ ವಾದ ನೇರವಾಗಿತ್ತು: ಹೋಗನ್ ಗೆದ್ದರೆ ಸೆನೆಟ್ ರಿಪಬ್ಲಿಕನ್ನರ ಕೈಸೇರಬಹುದು, ಗರ್ಭಪಾತದ ಹಕ್ಕಿನಂಥ ವಿಷಯ ಆಗ ಅವರ ಕೈಯಲ್ಲಿರುತ್ತದೆ. ಹೋಗನ್ ಎಷ್ಟು ಸಜ್ಜನರೆಂಬುದು ಅಲ್ಲಿ ಗೌಣವಾಯಿತು. ಗವರ್ನರ್ ಚುನಾವಣೆಯಲ್ಲಿ ವ್ಯಕ್ತಿಗೆ ಇರುವ ಜಾಗ ಸೆನೆಟ್ ಚುನಾವಣೆಯಲ್ಲಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ, ನನಗೆ ಇದು ಬೇಸರದ ಸಂಗತಿ.

ಇದನ್ನು ಗವರ್ನರ್‌ಗಳೂ ಚೆನ್ನಾಗಿ ಬಲ್ಲರು. ನ್ಯೂ ಹ್ಯಾಂಪ್‌ಶೈರ್‌ನ ರಿಪಬ್ಲಿಕನ್ ಕ್ರಿಸ್ ಸುನೂನು 2022ರಲ್ಲಿ ಸೆನೆಟ್‌ಗೆ ಸ್ಪರ್ಧಿಸಬೇಕೆಂದು ಪಕ್ಷದ ನಾಯಕರು ಬೆನ್ನುಬಿದ್ದಿದ್ದರು. ಅವರು ಒಪ್ಪದೆ ಗವರ್ನರ್ ಆಗಿಯೇ ಮತ್ತೆ ನಿಂತು ಗೆದ್ದರು; ಅದೇ ದಿನ ಸೆನೆಟ್ ಸ್ಥಾನ ಡೆಮಾಕ್ರಟ್ ಮ್ಯಾಗಿ ಹಸನ್ ಪಾಲಾಯಿತು. 2026ರ ಸೆನೆಟ್ ಚುನಾವಣೆಗೆ ನಿಲ್ಲುವುದಿಲ್ಲವೆಂದು ಕೆಂಪ್ ಕೂಡ 2025ರ ಮೇ ತಿಂಗಳಲ್ಲೇ ಹೇಳಿಬಿಟ್ಟರು.