ಮುಚ್ಚಿಟ್ಟ ಲ್ಯಾಪ್‌ಟಾಪ್ ಬೆಳಗಾಗುವಷ್ಟರಲ್ಲಿ ಖಾಲಿ: ಯಾವ ಡ್ರೈವರ್ ಹಾಕಲಿ?

"ಸರ್, ಲಿನಕ್ಸ್ ಹಾಕಿದ ಮೇಲೆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ರ ಮುಂಜಾನೆ ಬ್ಯಾಟರಿ ಖಾಲಿ ಇರ್ತೈತ್ರಿ. ಪವರ್ ಡ್ರೈವರ್ ಎಲ್ಲಿ ಸಿಗ್ತೈತಿ?"
- ಬಾಗಲಕೋಟೆಯ ವಿದ್ಯಾರ್ಥಿ

ಎಲ್ಲೂ ಸಿಗಲ್ಲ. ಬೇಕಾಗಿಯೂ ಇಲ್ಲ. ನವನಗರದ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ!

"ಲಿನಕ್ಸ್‌ಗ ಡ್ರೈವರ್ ಇರಂಗಿಲ್ಲ" ಅನ್ನೋ ಮಾತು ರಿಪೇರಿ ಅಂಗಡಿಗಳಿಂದ ಹಾಸ್ಟೆಲ್‌ವರೆಗೂ ಓಡಾಡುತ್ತಿದೆ. ವಿಂಡೋಸ್‌ನಲ್ಲಿ ಡ್ರೈವರ್ ಹುಡುಕಿ, ಇಳಿಸಿ, ಹಾಕಿ ರೂಢಿಯಾದವರ ಮಾತು ಅದು. ಡ್ರೈವರ್ ಅಂದರೆ ಯಂತ್ರದ ಒಂದೊಂದು ಸಾಧನವನ್ನು ನಡೆಸುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಜೊತೆಗೇ ಬರುತ್ತವೆ. ಕರ್ನಲ್ ಕೋಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲುಗಳು ಅವುಗಳದ್ದೇ. ಮನೆಯಲ್ಲಿ ರೊಟ್ಟಿ ಬಡಿದಿಟ್ಟಿರುವಾಗ ಖಾನಾವಳಿ ಹುಡುಕಿಕೊಂಡು ಹೊರಟರೆ ಹೇಗೆ? ನಂಬಿಕೆ ಬರದಿದ್ದರೆ ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿ) ಎಲ್‌ಎಸ್‌ಪಿಸಿಐ ಅಂತ ಬರೆದು, ಮುಂದೆ ಜಾಗ ಬಿಟ್ಟು ಹೈಫನ್ ಮತ್ತು ಕೆ ಸೇರಿಸಿ (lspci -k) ಹೊಡೆಯಿರಿ. ಯಾವ ಸಾಧನವನ್ನು ಯಾವ ಡ್ರೈವರ್ ನಡೆಸುತ್ತಿದೆ ಅಂತ ಅದರ ಕೆಳಗೇ ತೋರಿಸುತ್ತದೆ.

ಎನ್‌ವಿಡಿಯಾ ಗ್ರಾಫಿಕ್ಸ್, ಕೆಲವು ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳು ಕಾಡುತ್ತವೆ, ಒಪ್ಪುತ್ತೇನೆ. ಎಷ್ಟೋ ಸಲ ವೈ-ಫೈಗೆ ಕಡಿಮೆ ಬೀಳೋದು ಡ್ರೈವರ್ ಅಲ್ಲ, ಫರ್ಮ್‌ವೇರ್ ಫೈಲ್, ಅಂದರೆ ಆ ಚಿಪ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಂ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಅದೂ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ.

ಈಗ ನಿಮ್ಮ ಬ್ಯಾಟರಿ. ಮುಚ್ಚಿಟ್ಟ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಆಫ್ ಆಗಲ್ಲ, ನಿದ್ದೆ ಮಾಡುತ್ತೆ. ಎಂಥ ನಿದ್ದೆ ಅನ್ನೋದೇ ಪ್ರಶ್ನೆ. ಸಿಸ್ ಫೋಲ್ಡರಿನೊಳಗೆ ಪವರ್, ಅದರೊಳಗೆ ಮೆಮ್_ಸ್ಲೀಪ್ ಅನ್ನೋ ಫೈಲ್ ಇದೆ (/sys/power/mem_sleep). ತೆರೆದು ನೋಡಿ. "ಎಸ್‌2ಐಡಲ್" (s2idle), "ಡೀಪ್" (deep) ಎಂಬ ಎರಡು ಪದ ಇರಬಹುದು. ಚೌಕ ಕಂಸದಲ್ಲಿರುವುದೇ ಈಗ ನಡೆಯುತ್ತಿರುವ ನಿದ್ದೆ. ಮೊದಲನೆಯದು ಕೋಳಿನಿದ್ದೆ, ಕರೆಂಟ್ ಜಾಸ್ತಿ ತಿನ್ನಬಹುದು. "ಡೀಪ್" ಇದ್ದೂ ಕಂಸದ ಹೊರಗಿದ್ದರೆ ಬೂಟ್ ಸಾಲಿನಲ್ಲಿ (ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲು) ಅದನ್ನೇ ಆರಿಸಬಹುದು. ಆ ಪದವೇ ಇಲ್ಲದಿದ್ದರೆ ಒಮ್ಮೆ ಬಯೋಸ್ (ಯಂತ್ರ ಹಚ್ಚಿದ ಕೂಡಲೇ ಓಡುವ, ತಯಾರಕರದ್ದೇ ಪ್ರೋಗ್ರಾಂ) ಸೆಟ್ಟಿಂಗ್ ನೋಡಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರೇ ಅದನ್ನು ಕೊಟ್ಟಿಲ್ಲ. ಅಂಥ ಯಂತ್ರ ವಿಂಡೋಸ್‌ನಲ್ಲೂ ಕೋಳಿನಿದ್ದೆಯನ್ನೇ ಮಾಡುತ್ತೆ. ಲಿನಕ್ಸನ್ನು ಸುಮ್ನೆ ಬೈಯಬೇಡಿ. ರಾತ್ರಿ ಪೂರ್ತಿ ಆಫ್ ಮಾಡಿ, ಸಾಕು.

ಕರೆಂಟ್ ಉಳಿಸೋಕೆ ಲಿನಕ್ಸ್‌ನಲ್ಲಿ ಟಿಎಲ್‌ಪಿ, ಪವರ್ ಪ್ರೊಫೈಲ್ಸ್ ಡೀಮನ್ ಅನ್ನೋ ಪ್ರೋಗ್ರಾಂಗಳಿವೆ. ಅವೆರಡನ್ನೂ ಒಟ್ಟಿಗೆ ಓಡಿಸಬೇಡಿ. ಎರಡೂ ಒಂದೇ ಸೆಟ್ಟಿಂಗ್‌ಗೆ ಕಿತ್ತಾಡುತ್ತವೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ದಿನವಿಡೀ ಚಾರ್ಜರ್ ಚುಚ್ಚಿಟ್ಟೇ ಕೆಲಸ ಮಾಡ್ತೀರಿ ಅಲ್ವಾ? ಬ್ಯಾಟರಿ ಸದಾ ನೂರರಲ್ಲೇ ನಿಂತರೆ, ಅದೂ ನಮ್ಮ ಬೇಸಿಗೆಯಲ್ಲಿ, ಬೇಗ ಸೊರಗುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸಬಹುದು. ಟಿಎಲ್‌ಪಿಯಲ್ಲೇ ಆ ಸೆಟ್ಟಿಂಗ್ ಇದೆ. ದುರಸ್ತಿಗೆ ಕರೆಂಟ್ ತೆಗೀತೀವಿ ಅಂತ ಪೇಪರಿನಲ್ಲಿ ಬಂದರೆ ಮಾತ್ರ ಹಿಂದಿನ ರಾತ್ರಿ 100ಕ್ಕೆ ಏರಿಸಿಕೊಳ್ಳಿ.